ಐದು ಮನೆ ಶ್ರುತಿಯ ಡಬ್ಬಿ

ಮೈಸೂರಿನ ನೀರಿನಲ್ಲೇ ಏನೋ ಇದೆ. ಇಲ್ಲಿ ಸಂಗೀತ ಕೇಳಬೇಕೆನಿಸಿದವನು ಸುಮ್ಮನೆ ಕೂತು ಕೇಳುವುದಿಲ್ಲ, ಅದಕ್ಕೊಂದು ಯಂತ್ರ ಕಟ್ಟಲು ಹೊರಡುತ್ತಾನೆ. ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪಾಠ ಹೇಳುತ್ತಿದ್ದ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ಒಂಟಿಕೊಪ್ಪಲಿನ ತಮ್ಮ ಮನೆಯಲ್ಲೇ 30 ವಾಟಿನ ಟ್ರಾನ್ಸ್‌ಮಿಟರ್ ಇಟ್ಟುಕೊಂಡು ರೇಡಿಯೊ ಶುರುಮಾಡಿಬಿಟ್ಟರು. ಆ ಮನೆಯ ರೇಡಿಯೊಗಿದ್ದ ‘ಆಕಾಶವಾಣಿ’ ಎಂಬ ಹೆಸರನ್ನು ಮುಂದೆ ಇಡೀ ದೇಶ ಎತ್ತಿಕೊಂಡಿತು. ಜಯಚಾಮರಾಜ ಒಡೆಯರದು ಇನ್ನೂ ಮೇಲಿನ ಹುಚ್ಚು. ಗ್ರಾಮಫೋನ್ ತಟ್ಟೆಗಳನ್ನು ಸಾವಿರಗಟ್ಟಲೆ ಕೂಡಿಹಾಕಿದ್ದು ಸಾಲದೆಂದು, ತಮಗೆ ಬೇಕಾದ ತಟ್ಟೆ ಜಗತ್ತಿನಲ್ಲಿ ಇಲ್ಲದಿದ್ದರೆ ದುಡ್ಡು ಕೊಟ್ಟು ಮಾಡಿಸಿದರು. ಲಂಡನ್ನಿನಲ್ಲಿ ಮೂಲೆಗುಂಪಾಗಿದ್ದ ರಷ್ಯದ ನಿಕೊಲಾಯ್ ಮೆಟ್ನರ್ ತನ್ನ ಕೃತಿಗಳನ್ನು ತಾನೇ ನುಡಿಸಿ ರೆಕಾರ್ಡ್ ಮಾಡಿದ್ದು ಮೈಸೂರಿನ ಹಣದಲ್ಲಿ. ಆತ ತನ್ನ ಮೂರನೇ ಪಿಯಾನೊ ಕಾನ್ಸರ್ಟೊವನ್ನು ನಮ್ಮ ಮಹಾರಾಜರಿಗೇ ಅರ್ಪಿಸಿದ.

ಈ ಪರಂಪರೆಯಲ್ಲಿ ಮೂರನೆಯ ಹೆಸರು ನನ್ನದು. ಇದನ್ನು ಮನೆಯಲ್ಲಿ ಹೇಳಿದಾಗ ಹೆಂಡತಿ, “ಮೊದಲ ಇಬ್ಬರು ಸಂಜೆ ತರಕಾರಿ ತರ್ತಿದ್ರಾ?” ಎಂದು ಕೇಳಿದಳು. ಇತಿಹಾಸದಲ್ಲಿ ಅದಕ್ಕೆ ದಾಖಲೆ ಇಲ್ಲದ್ದರಿಂದ ಚೀಲ ಹಿಡಿದು ಹೊರಟೆ.

ನನ್ನದು ಅರಮನೆಯಲ್ಲ, ಪಿಂಚಣಿ. ‘ಮ್ಯೂಸಿಕ್ ಸ್ಟ್ರೀಮರ್’ ಎಂದು ಅಂಗಡಿಗಳಲ್ಲಿ ಮಾರುವ ಚೆಂದದ ಅಲ್ಯೂಮಿನಿಯಂ ಪೆಟ್ಟಿಗೆಗಳಲ್ಲಿ ಲಕ್ಷ ದಾಟುವಂಥವೂ ಇವೆ. ಅದರ ಬಗ್ಗೆ ವಿಚಾರಿಸಿದರೆ ಮಾರುವವನು ಮೊದಲು ಕಾಫಿ ತರಿಸುತ್ತಾನೆ, ಆಮೇಲೆ ಬೆಲೆ ಹೇಳುತ್ತಾನೆ. ಆ ಪೆಟ್ಟಿಗೆ ಮಾಡುವ ಕೆಲಸವಾದರೂ ಏನು? ಹಾರ್ಡ್ ಡಿಸ್ಕಿನಲ್ಲೋ ಇಂಟರ್ನೆಟ್ಟಿನಲ್ಲೋ ಇರುವ ಹಾಡಿನ ಫೈಲನ್ನು ಎತ್ತಿ, ಒಂದು ಬಿಟ್ಟೂ ಆಚೀಚೆಯಾಗದಂತೆ ಡ್ಯಾಕ್‌ಗೆ ದಾಟಿಸುವುದು, ಅಷ್ಟೇ. ಅಂಕಿಗಳನ್ನು ದನಿ ಮಾಡುವುದು ಡ್ಯಾಕ್. ಆ ದನಿಯನ್ನು ದೊಡ್ಡದು ಮಾಡುವುದು ಆಂಪ್ಲಿಫೈಯರ್. ಮಧ್ಯೆ ಫೈಲು ಹೊರುವವನಿಗೆ ಲಕ್ಷ ರೂಪಾಯಿ ಯಾಕೆ ಎನ್ನುವುದು ನನ್ನ ತಕರಾರು.

ಇತ್ತ 2025ರ ಅಕ್ಟೋಬರ್ 14ಕ್ಕೆ ಮೈಕ್ರೊಸಾಫ್ಟ್‌ನವರು ವಿಂಡೋಸ್ 10ರ ಆರೈಕೆ ನಿಲ್ಲಿಸಿದರು. ವಿಂಡೋಸ್ 11ಕ್ಕೆ ಇಂಟೆಲ್‌ನ ಎಂಟನೇ ತಲೆಮಾರಿನ ಪ್ರೊಸೆಸರಾದರೂ ಬೇಕು. ಹೀಗಾಗಿ ಆಫೀಸುಗಳು ಆರನೇ ಏಳನೇ ತಲೆಮಾರಿನ, ಮೈಯಲ್ಲಿ ಒಂದು ಕಾಯಿಲೆಯೂ ಇಲ್ಲದ ಪುಟ್ಟ ಕಂಪ್ಯೂಟರುಗಳನ್ನು ಅರವತ್ತು ತುಂಬಿದ ಗುಮಾಸ್ತರ ಹಾಗೆ ಮನೆಗೆ ಕಳಿಸುತ್ತಿವೆ. ನನಗೆ ಅವುಗಳ ಮೇಲೆ ಸಹಜವಾಗಿಯೇ ಮಮತೆ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಒಂದರ ಮೇಲೊಂದು ಪೇರಿಸಿಟ್ಟಿದ್ದ ಇಂಥ ನಿವೃತ್ತರಲ್ಲಿ ಒಬ್ಬನನ್ನು ಆರಿಸಿ ತಂದೆ. ಲೆನೊವೊ ಥಿಂಕ್‌ಸೆಂಟರ್ ಟೈನಿ, ಆರನೇ ತಲೆಮಾರಿನ ಐ5. ಬೆನ್ನ ಮೇಲೆ ಯಾವುದೋ ಕಂಪನಿಯ ಅಸೆಟ್ ನಂಬರಿನ ಚೀಟಿ ಇನ್ನೂ ಇತ್ತು.

ಈ ಜಾತಿಯನ್ನು ಬಲ್ಲವರು ‘ಒಂದು ಲೀಟರಿನ ಪಿಸಿ’ ಎನ್ನುತ್ತಾರೆ, ಗಾತ್ರ ಅಷ್ಟೇ. ನಮ್ಮ ಮನೆಯ ಲೆಕ್ಕ ಬೇರೆ. ನನ್ನ ಖರ್ಚುಗಳನ್ನೆಲ್ಲ ಹೆಂಡತಿ ಕೆಎಸ್‌ಐಸಿ ರೇಷ್ಮೆ ಸೀರೆಯಲ್ಲಿ ಅಳೆಯುತ್ತಾಳೆ. ಡಬ್ಬಿ ಅರ್ಧ ಸೀರೆಗೂ ಕಡಿಮೆ ಬಂದದ್ದರಿಂದ ಪಾರಾದೆ. “ಇಡೀ ದಿನ ಉರಿಯತ್ತಾ? ಗೃಹಜ್ಯೋತಿ ಮೀರಲ್ವಾ?” ಎಂಬ ಎರಡನೆಯ ತಡೆಗೂ ಉತ್ತರವಿತ್ತು. ಸುಮ್ಮನೆ ಹಾಡುವಾಗ ಹತ್ತು ವಾಟು, ಹಗಲೂ ರಾತ್ರಿ ಬಿಟ್ಟರೂ ತಿಂಗಳಿಗೆ ಏಳು ಯೂನಿಟ್ಟಿನ ಆಸುಪಾಸು. ಗೋಪಾಲಸ್ವಾಮಿಯವರು 30 ವಾಟಿನಲ್ಲಿ ಊರಿಗೆಲ್ಲ ಹಾಡು ಕೇಳಿಸಿದರು, ನಾನು ಅದರ ಮೂರನೇ ಒಂದು ಪಾಲಿನಲ್ಲಿ ಹಾಲಿನ ಈ ಗೋಡೆಯಿಂದ ಆ ಗೋಡೆಗೆ ಕೇಳಿಸುತ್ತೇನೆ ಎಂಬ ಹೋಲಿಕೆಯನ್ನು ಮಾತ್ರ ಬಾಯಿಬಿಟ್ಟು ಹೇಳಲಿಲ್ಲ.

ಒಳಗಿನ ಕೆಲಸ ಸುಲಭ. ಡ್ಯಾಫೈಲ್ ಎಂಬ ಬಿಟ್ಟಿ ತಂತ್ರಾಂಶವನ್ನು ಪೆನ್‌ಡ್ರೈವಿಗೆ ಬರೆದು, ಅದರಿಂದ ಬೂಟ್ ಮಾಡಿ, ವಿಂಡೋಸನ್ನು ಅಳಿಸಿ ಕೂರಿಸುವುದು. ಆಮೇಲೆ ಮಾನಿಟರು, ಕೀಬೋರ್ಡು, ಮೌಸು ಯಾವುದೂ ಬೇಡ, ಮೊಬೈಲಿನ ಬ್ರೌಸರಿನಿಂದಲೇ ಎಲ್ಲ ನಡೆಯುತ್ತದೆ. ಇದರ ಹೊಟ್ಟೆಯಲ್ಲಿರುವುದು ಸ್ಕ್ವೀಝ್‌ಬಾಕ್ಸ್ ಎಂಬ ಹಳೆಯ ಪೆಟ್ಟಿಗೆಯ ಸರ್ವರ್. ಆ ಪೆಟ್ಟಿಗೆ ಮಾಡುತ್ತಿದ್ದ ಕಂಪನಿಯನ್ನು ಲಾಜಿಟೆಕ್ 2006ರಲ್ಲಿ ಕೊಂಡಿತು, 2012ರಲ್ಲಿ ಪೆಟ್ಟಿಗೆ ಮಾಡುವುದನ್ನೇ ಬಿಟ್ಟಿತು. ತಂತ್ರಾಂಶವನ್ನು ಮಾತ್ರ ಸಂಬಳವಿಲ್ಲದ ಒಂದಷ್ಟು ಜನ ಇವತ್ತಿಗೂ ಸಾಕುತ್ತಿದ್ದಾರೆ, ಈಗ ಅದಕ್ಕೆ ಲಿರಿಯನ್ ಎಂದು ಹೆಸರು. ಜಗತ್ತಿನಲ್ಲಿ ನನ್ನಂಥವರು ಇನ್ನೂ ಇದ್ದಾರೆ ಎಂದು ತಿಳಿದಾಗ ಆಗುವ ಸಮಾಧಾನವೇ ಬೇರೆ.

ಮೊದಲ ದಿನ ದೊರೆಸ್ವಾಮಿ ಅಯ್ಯಂಗಾರ್ಯರ ವೀಣೆ ಹಾಕಿದೆ. ಮೈಸೂರಿನಲ್ಲಿ ಕೂತು ಹೊಸ ಡಬ್ಬಿಗೆ ಬೇರೆ ಯಾರನ್ನು ಬೋಣಿ ಮಾಡಿಸಲಿ? ಮೀಟು ಒಂದೊಂದೂ ಬಿಡಿಬಿಡಿಯಾಗಿ ಬಂತು. ಅದರ ಹಿಂದೆ, ಇಷ್ಟು ವರ್ಷ ಅದೇ ಹಾಡು ಕೇಳಿದರೂ ನನ್ನ ಕಿವಿಗೆ ಬಿದ್ದಿರದ ತಂಬೂರಿ ತುಂಬಿಕೊಂಡು ನುಡಿಯುತ್ತಿತ್ತು! “ಕೇಳಿದೆಯಾ? ಇದು ನೋಡು ಸ್ಟ್ರೀಮರ್ ಅಂದ್ರೆ. ಹಳೇ ಪ್ಲೇಯರಿನಲ್ಲಿ ಈ ತಂಬೂರಿ ಎಲ್ಲಿತ್ತು?” ಎಂದು ಕಣ್ಣು ಮುಚ್ಚಿದೆ. ಹೆಂಡತಿ ಸ್ವಲ್ಪ ಹೊತ್ತು ಕೇಳಿಸಿಕೊಂಡಳು. “ರೀ, ವೀಣೆ ಮುಗೀತು. ತಂಬೂರಿಯವರು ಇನ್ನೂ ಎದ್ದಿಲ್ಲ.”

ಹಾಡು ನಿಲ್ಲಿಸಿದೆ, ತಂಬೂರಿ ನಿಲ್ಲಲಿಲ್ಲ. ಮೊಬೈಲ್ ಆಫ್ ಮಾಡಿದೆ, ವೈಫೈ ಕಿತ್ತೆ, ತಂಬೂರಿ ಇನ್ನಷ್ಟು ಏಕಾಗ್ರವಾಯಿತು. ಅಷ್ಟರಲ್ಲಿ ಹಿಂದಿನ ಮನೆಯ ವೀಣೆ ಟೀಚರ್ ಕಾಂಪೌಂಡಿನಾಚೆಯಿಂದ, “ಯಾರಮ್ಮ ಅದು ಶ್ರುತಿ ಹಿಡಿದಿರೋದು? ಸಂಜೆಯಿಂದ ಒಂದೇ ಸಮ ಮೀಟ್ತಿದ್ದಾರೆ, ಕೈ ನೋಯಲ್ವೆ?” ಎಂದು ಕೂಗಿದರು. ಕೂಗಿ ಸುಮ್ಮನಾಗಲಿಲ್ಲ, ಬಂದೇ ಬಿಟ್ಟರು. ಎಂಬತ್ತು ಮೀರಿದ ಜೀವ, ಮಂಡಿ ಸರಿಯಿಲ್ಲ, ಕಿವಿ ಮಾತ್ರ ಕತ್ತಿ. ಸ್ಪೀಕರಿನ ಮುಂದೆ ಕುರ್ಚಿ ಎಳೆಸಿಕೊಂಡು ಕೂತು, ಎರಡು ಸಲ ಗುನುಗಿ, “ಐದು ಮನೆ. ಒಂದು ಕೂದಲೆಳೆ ಏರಿದೆ” ಎಂದು ತೀರ್ಪು ಕೊಟ್ಟರು.

ನಾನು ಕಾಗದ ತೆಗೆದುಕೊಂಡೆ. ನಮ್ಮ ದೇಶದ ಕರೆಂಟು ಸೆಕೆಂಡಿಗೆ 50 ಸೈಕಲ್. ಹಾರ್ಮೋನಿಯಂನ ಐದನೇ ಬಿಳಿ ಮನೆಯನ್ನು ಒಂದೊಂದೇ ಸ್ಥಾಯಿ ಕೆಳಕ್ಕೆ ಇಳಿಸುತ್ತ ಹೋದರೆ ಸಿಗುವುದು 49. ಅಂದರೆ ಟೀಚರ್ ಹೇಳಿದ ಕೂದಲೆಳೆ ಅಂಕಿಯಲ್ಲೂ ಇದೆ! ಇಲ್ಲಿಗೆ ಮುಗಿಯಲಿಲ್ಲ. ಅರ್ಥಿಂಗ್ ಸುತ್ತಿಕೊಂಡಾಗ ಬರುವ ಈ ಝೇಂಕಾರದಲ್ಲಿ 50ರ ಜೊತೆಗೆ 100 ಇರುತ್ತದೆ, 150 ಇರುತ್ತದೆ. 50 ಷಡ್ಜವಾದರೆ 100 ಅದರ ಮೇಲಿನ ಷಡ್ಜ, 150 ಅದಕ್ಕೂ ಮೇಲಿನ ಪಂಚಮ. ಸ, ಸ, ಪ. ವಿದ್ಯುತ್ ಮಂಡಳಿಯವರು ಯಾವ ಗುರುವಿನ ಪಾಠವೂ ಇಲ್ಲದೆ ಅಪ್ಪಟ ತಂಬೂರಿಯನ್ನೇ ನಮ್ಮ ಗೋಡೆಯೊಳಗೆ ಎಳೆದಿದ್ದಾರೆ.

ಟೀಚರ್ ಆಗಲೇ ಆ ಶ್ರುತಿಗೆ ಕಂಠ ಸೇರಿಸಿ ವರ್ಣ ಶುರುಮಾಡಿದ್ದರು. ನನ್ನ ತಲೆ ಓಡತೊಡಗಿತು. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ ಲೈನಿನಲ್ಲಿ ದಕ್ಷಿಣದ ಗ್ರಿಡ್ಡು ಉಳಿದ ದೇಶದ ಗ್ರಿಡ್ಡಿಗೆ ಸೇರಿತು. ಅಂದಿನಿಂದ ಕಾಶ್ಮೀರದ ಫ್ರಿಜ್ಜೂ ಕನ್ಯಾಕುಮಾರಿಯ ಫ್ರಿಜ್ಜೂ ಕೂಡಿ ಹಿಡಿದಿರುವುದು ಒಂದೇ ಶ್ರುತಿ, ಐದು ಮನೆ. ಅದು 49.90ಕ್ಕಿಂತ ಇಳಿಯಬಾರದು, 50.05ಕ್ಕಿಂತ ಏರಬಾರದು ಎಂದು ಕಟ್ಟುನಿಟ್ಟಿನ ನಿಯಮ. ನನ್ನ ಸಂಗೀತದ ಮೇಷ್ಟ್ರು ನನಗೆ ಇದಕ್ಕಿಂತ ಎಷ್ಟೋ ಹೆಚ್ಚು ರಿಯಾಯಿತಿ ಕೊಟ್ಟಿದ್ದರು, ಆದರೂ ಕೈಬಿಟ್ಟರು. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಹರಿದ ಕರೆಂಟು 25 ಸೈಕಲ್ಲಿನದು, ಅಂದರೆ ಇದೇ ಶ್ರುತಿ, ಸರಿಯಾಗಿ ಒಂದು ಸ್ಥಾಯಿ ಕೆಳಗೆ. ದಿವಾನರ ಕಾಲದಲ್ಲಿ ಕರೆಂಟಿಗೂ ಗಾಂಭೀರ್ಯ ಇತ್ತು ಎಂದಾಯಿತು.

ಈ ಸಂಶೋಧನೆಯನ್ನು ಅಮೆರಿಕದಲ್ಲಿರುವ ಮಗನಿಗೆ ಆಗಲೇ ವಿಡಿಯೊ ಕಾಲ್ ಮಾಡಿ ಹೇಳಿದೆ. “ಇಲ್ಲಿ 60 ಸೈಕಲ್ ಅಲ್ವಾ ಅಪ್ಪ, ಅದು ಎಷ್ಟು ಮನೆ?” ಎಂದ. ಲೆಕ್ಕ ಹಾಕಿದರೆ ಆರೂವರೆಗೂ ಏಳಕ್ಕೂ ಸರಿಯಾಗಿ ನಟ್ಟನಡುವೆ ಬಂತು. “ನಿಮ್ಮ ಕರೆಂಟು ಯಾವ ಮನೆಗೂ ಸೇರಲ್ಲ ಕಣೋ” ಎಂದೆ. ಅವನು ನಗುತ್ತಾನೆಂದುಕೊಂಡಿದ್ದೆ. “ಹ್ಞೂಂ” ಎಂದಷ್ಟೇ ಹೇಳಿ, ಮೀಟಿಂಗ್ ಇದೆ ಎಂದು ಇಟ್ಟುಬಿಟ್ಟ.

ಝೇಂಕಾರ ಓಡಿಸಲು ಸಲಹೆ ಕೊಡುವವರಿಗೆ ನಮ್ಮೂರಿನಲ್ಲಿ ಬರವಿಲ್ಲ. ಮಾತೆತ್ತಿದರೆ ಬೆಳ್ಳಿ ತಂತಿಯ ಕೇಬಲ್ಲಿನ ಸುದ್ದಿ ತೆಗೆಯುವ ಪರಿಚಯಸ್ಥರೊಬ್ಬರು, ಅದನ್ನು ಹಾಕಿದರೆ ಮೃದಂಗದ ಎಡ ಇನ್ನೂ ದುಂಡಗಾಗುತ್ತದೆ ಎಂದರು. ಅವರ ಮುಂದೆ ಕೇಬಲ್ ಬದಲಿಸಿದಂತೆ ನಟಿಸಿ ಹಳೆಯದನ್ನೇ ಚುಚ್ಚಿದೆ. “ಈಗ ನೋಡಿ, ಪರದೆ ಸರಿದ ಹಾಗಾಯಿತು” ಎಂದರು. ಇಂಥವರಿಂದ ಅಪಾಯವಿಲ್ಲ, ಕಾಫಿಪುಡಿ ಖರ್ಚು ಅಷ್ಟೇ. ಇನ್ನೊಬ್ಬ ಮಾತ್ರ ಪ್ಲಗ್ಗಿನ ಮೂರನೇ ಪಿನ್ನನ್ನೇ ಮುರಿದು ಹಾಕಿ, ಸದ್ದು ತಕ್ಷಣ ನಿಲ್ಲುತ್ತದೆ ಎಂದ. ನಿಲ್ಲುತ್ತದೆ, ನಿಜ. ಒಳಗೆ ಎಲ್ಲೋ ತಂತಿ ಸೋರಿ ಡಬ್ಬಿಯ ಮೈಗೆ ಕರೆಂಟು ಬಂದ ದಿನ, ಮುಟ್ಟಿದವನೂ ನಿಲ್ಲುತ್ತಾನೆ. ನಾಲ್ಕು ಜನ ಕೇಳುತ್ತಾರೆಂದು ಇಂಥದ್ದನ್ನು ಬಾಯಿಗೆ ಬಂದಂತೆ ಹೇಳುವವರನ್ನು ಕಂಡರೆ ನನಗೆ ನಗು ಬರುವುದಿಲ್ಲ.

ಪರಿಹಾರ ಸಪ್ಪೆಯಾಗಿತ್ತು. ಆಂಪ್ಲಿಫೈಯರ್ ಒಂದು ಗೋಡೆಯ ಪಾಯಿಂಟಿನಲ್ಲಿ, ಡಬ್ಬಿ ಇನ್ನೊಂದು ಗೋಡೆಯ ಪಾಯಿಂಟಿನಲ್ಲಿ, ನಡುವೆ ಕೇಬಲ್ಲು. ಎರಡು ದಾರಿಯ ಅರ್ಥಿಂಗ್ ಸೇರಿ ಒಂದು ಸುತ್ತು ಕಟ್ಟಿಕೊಂಡಿತ್ತು. ಎರಡನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಚುಚ್ಚಿದೆ, ತಂಬೂರಿಯವರು ಎದ್ದು ಹೋದರು. ಟೀಚರಿಗೆ ಬೇಸರವಾಯಿತು. “ನಮ್ಮ ಶ್ರುತಿಪೆಟ್ಟಿಗೆ ರಿಪೇರಿಗೆ ಹೋಗಿದೆ. ಭಾನುವಾರ ಮಕ್ಕಳ ಪಾಠದ ಹೊತ್ತಿಗೆ ಒಂದು ಗಂಟೆ ಅದನ್ನ ವಾಪಸ್ ಹಾಕ್ತೀರಾ?” ಎಂದರು. ಹಾಕಿದೆ. ಒಳ್ಳೆಯ ಪಾಠವಾಯಿತಂತೆ.

ಡಬ್ಬಿ ಈಗ ನೆಟ್ಟಗೆ ಹಾಡುತ್ತದೆ. ನನ್ನ ಸಿಟ್ಟು ಈಗ ಫೈಲುಗಳ ಮೇಲೆ. ಒಂದು ಕಛೇರಿ ಎಂದರೆ ಹಾಡುವವರೊಬ್ಬರೇ ಅಲ್ಲ. ರೇಡಿಯೊದಲ್ಲಿ ಕಛೇರಿ ಮುಗಿದ ಮೇಲೆ ಪಿಟೀಲು ಯಾರು, ಮೃದಂಗ ಯಾರು, ಘಟ ಯಾರು ಎಂದು ಒಬ್ಬೊಬ್ಬರ ಹೆಸರನ್ನೂ ಓದುತ್ತಿದ್ದರು. ಆ ಓದಿಗಾಗಿಯೇ ನಮ್ಮ ಮನೆಯಲ್ಲಿ ಒಲೆಯ ಮೇಲಿನ ಸದ್ದು ನಿಲ್ಲಿಸುತ್ತಿದ್ದರು. ಈಗಿನ ಆ್ಯಪುಗಳಲ್ಲಿ ಆಲ್ಬಮ್ಮಿನ ಚಿತ್ರವಿದೆ, ಎಷ್ಟು ಜನ ಕೇಳಿದರೆಂಬ ಲೆಕ್ಕವಿದೆ, ಎರಡೂವರೆ ಗಂಟೆ ಬೆರಳು ಬಡಿದುಕೊಂಡ ವಿದ್ವಾಂಸರ ಹೆಸರಿಲ್ಲ. ಹಾಡಿದವರ ಹೆಸರಿನ ಜಾಗದಲ್ಲೇ ಎಷ್ಟೋ ಕಡೆ ಅಡಿಯೊ ಕಂಪನಿಯ ಹೆಸರು ಕೂತಿರುತ್ತದೆ. ಹೊಟ್ಟೆ ಉರಿಯುತ್ತದೆ.

ಅದಕ್ಕೇ ಈಗ ಸಂಜೆ ಹೊತ್ತು ನಮ್ಮ ಹಾಲಿನಲ್ಲಿ ನ್ಯಾಯಾಲಯ ಕೂರುತ್ತದೆ. ನನ್ನ ಹಳೆಯ ಕ್ಯಾಸೆಟ್ಟುಗಳನ್ನೆಲ್ಲ ಡಬ್ಬಿಗೆ ಇಳಿಸಿದ್ದೇನೆ. ನಾನು ಹಾಕುತ್ತೇನೆ, ಟೀಚರ್ ಕಣ್ಣು ಮುಚ್ಚಿ ಕೇಳಿ, “ಈ ಮುಕ್ತಾಯ ಕೊಡೋದು ಅವರೊಬ್ಬರೇ, ಬರಕೊಳ್ಳಿ” ಎನ್ನುತ್ತಾರೆ. ಫೈಲಿನ ಖಾಲಿ ಕಲಮಿನಲ್ಲಿ ಕನ್ನಡದಲ್ಲೇ ಟೈಪ್ ಮಾಡುತ್ತೇನೆ. ಮೊನ್ನೆ ಎಂಟನೇ ಕ್ರಾಸಿನ ಗಣಪತಿ ಪೆಂಡಾಲಿನಲ್ಲಿ ಯಾರೋ ಟೇಪ್ ರೆಕಾರ್ಡರನ್ನು ಮಡಿಲಲ್ಲಿಟ್ಟುಕೊಂಡು ಹಿಡಿದಿದ್ದ ಕ್ಯಾಸೆಟ್ಟಿನ ಸರದಿ. ಅನುಪಲ್ಲವಿ ಎತ್ತುವ ಮುಂಚೆ ಹಿಂದಿನಿಂದ ಯಾರೋ ಜೋರಾಗಿ ಕೆಮ್ಮಿದರು. ಅಡಿಗೆಮನೆಯಿಂದ ಹೆಂಡತಿ ಸೌಟಿನ ಸಮೇತ ಓಡಿಬಂದಳು. “ನಮ್ಮಪ್ಪ! ಇನ್ನೊಂದ್ಸಲ ಹಾಕಿ.”

ಇನ್ನೊಂದು ಸಲ ಹಾಕಿದೆ. “ಅವರೇ. ಎರಡನೇ ಸಾಲಲ್ಲಿ ಕೂರ್ತಿದ್ದರು, ಸಮಕ್ಕೆ ಸರಿಯಾಗಿ ಕೆಮ್ಮೋರು” ಎಂದು ಟೀಚರ್ ಸಾಕ್ಷಿ ನುಡಿದರು. ಇನ್ನೇನು ಮಾಡಲಿ? ಪಿಟೀಲು, ಮೃದಂಗ, ಘಟದ ಕೆಳಗೆ ‘ಕೆಮ್ಮು’ ಎಂದು ಒಂದು ಕಲಮು ಸೇರಿಸಿ ಮಾವನವರ ಹೆಸರು ಬರೆದೆ. ಹೆಸರಿನ ಹಿಂದೆ ‘ವಿದ್ವಾನ್’ ಬೇಕೆಂದು ಹೆಂಡತಿ, ‘ಶ್ರೀ’ ಸಾಕೆಂದು ನಾನು. ಕೊನೆಗೆ ವಿದ್ವಾನ್ ಎಂದೇ ಆಯಿತು.

ಮಂಗಳಕ್ಕೆ ಮುಂಚೆ ಅದೇ ಟೇಪಿನಲ್ಲಿ ಒಂದು ಕೂಸು ಅಳುತ್ತದೆ. ಅದು ನಮ್ಮ ಮಗನೇ ಎಂದು ಟೀಚರ್ ಆಣೆ ಮಾಡುತ್ತಾರೆ. ನನ್ನ ಮಗ ಕಛೇರಿಯಲ್ಲಿ ಅಳುವವನೇ ಅಲ್ಲ ಎಂದು ಹೆಂಡತಿ. ಆ ಕಲಮು ಇನ್ನೂ ಖಾಲಿ ಇದೆ.