ಪುಕ್ಕಟೆ ತಂತ್ರಾಂಶ ಮಹಿಮೆ

ಗುಣಾತ್ಮಕ ಸಂಶೋಧನೆಗೆಂದು ಸಂದರ್ಶನಗಳ ರಾಶಿಯನ್ನೇ ಸಂಗ್ರಹಿಸಿ, ಅದನ್ನು ವಿಂಗಡಿಸಲೋಸುಗ ಎನ್‌ವಿವೋ, ಮ್ಯಾಕ್ಸ್‌ಕ್ಯೂಡಿಎ ಮೊದಲಾದ ಘನವಂತ ತಂತ್ರಾಂಶಗಳ ಬೆಲೆಯನ್ನು ವಿಚಾರಿಸಿದ ಬಡ ವಿದ್ಯಾರ್ಥಿಗೆ ಪದವಿಗಿಂತ ಮೊದಲೇ ವೈರಾಗ್ಯವು ಪ್ರಾಪ್ತವಾಗುವುದುಂಟು. 1981ರಲ್ಲಿ ಮೆಲ್ಬರ್ನಿನ ರಿಚರ್ಡ್ಸ್ ದಂಪತಿಗಳು ಎನ್‌ವಿವೋದ ಪೂರ್ವಜನನ್ನು ರೂಪಿಸತೊಡಗಿದ ಕಾಲಕ್ಕೆ ಕತ್ತರಿ, ಅಂಟು, ಬಣ್ಣದ ಪೆನ್ಸಿಲುಗಳೇ ಬಹುತೇಕ ವಿದ್ವಾಂಸರ ಆಯುಧಗಳಾಗಿದ್ದುವು. ಫ್ಯಾನು ತಿರುಗಿದರೆ ಸಿದ್ಧಾಂತವೇ ಹಾರಿಹೋಗಬೇಕು! ಈಗಲಾದರೋ ಟ್ಯಾಗೆಟ್, ಕ್ವಾಲ್‌ಕೋಡರ್ ಎಂಬ ಧರ್ಮಾರ್ಥ ತಂತ್ರಾಂಶಗಳಿವೆ: ಮೊದಲನೆಯದು ಸಾಲಿಗೆ ಬಣ್ಣ ಬಳಿದು ಚೀಟಿ ಹಚ್ಚುವಷ್ಟರಲ್ಲೇ ತೃಪ್ತ, ಎರಡನೆಯದು ಚಿತ್ರ, ಧ್ವನಿಗಳನ್ನೂ ಅರಗಿಸಿಕೊಳ್ಳಬಲ್ಲುದು. ಆದರೆ “ನನ್ ಸೊಸೆ ಮಾರಿ ಕಣಪ್ಪಾ, ಅವಳಿಲ್ದಿದ್ರೆ ನಾನೆಲ್ಲಿ ಉಳೀತಿದ್ದೆ” ಎಂದು ಒಂದೇ ಉಸಿರಿನಲ್ಲಿ ನುಡಿದ ಅಜ್ಜಿಯ ಮಾತಿಗೆ ‘ಮತ್ಸರ’ದ ಚೀಟಿಯೋ ‘ಮಮತೆ’ಯ ಚೀಟಿಯೋ ಎಂಬುದನ್ನು, ತಂತ್ರಾಂಶವು ಪುಕ್ಕಟೆಯದಾಗಲಿ ದುಬಾರಿಯದಾಗಲಿ, ಸಂಶೋಧಕನೇ ತಲೆ ಕೆರೆದುಕೊಂಡು ನಿರ್ಧರಿಸತಕ್ಕದ್ದು.