ಉಷ್ಣಮುಳ್ಳಿನ ಪ್ರಾಮಾಣ್ಯವಿಚಾರ

ಕಾರಿನ ಡ್ಯಾಶ್‌ಬೋರ್ಡಿನಲ್ಲಿ ‘ಸಿ’ಯಿಂದ ‘ಎಚ್’ವರೆಗೆ ಓಡಾಡಬೇಕಾದ, ಬಹುಪಾಲು ನಡುವೆಯೇ ನಿಂತಿರುವ ಮುಳ್ಳಿಗೆ ಉಷ್ಣಮುಳ್ಳೆಂದು ಹೆಸರು. ಎಂಜಿನ್ನಿಗೆ ಬಾಯಿಲ್ಲದ್ದರಿಂದ ಅದರ ಪರವಾಗಿ ಮುಳ್ಳು ಮಾತಾಡುತ್ತದೆ. ನ್ಯಾಯಶಾಸ್ತ್ರದ ನಾಲ್ಕು ಪ್ರಮಾಣಗಳಾದ ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದಗಳ ಪೈಕಿ ಇದು ಶಬ್ದದ ಪಾಲಿಗೆ ಸೇರಬೇಕು. ಶಬ್ದ ಪ್ರಮಾಣವೆನಿಸಲು ಹೇಳುವವನು ಆಪ್ತನಾಗಿರಬೇಕು, ಅಂದರೆ ನಂಬತಕ್ಕವನಾಗಿರಬೇಕು. ಮುಳ್ಳು ಆಪ್ತವೋ ಅಲ್ಲವೋ ಎಂಬುದನ್ನು ಮುಧೋಳದ ಮಿಸ್ತ್ರಿಗಳು ಒಂದೇ ಸೂತ್ರದಲ್ಲಿ ಹಿಡಿದಿಡುತ್ತಾರೆ: “ಗಾಡಿ ಖರೇನ ಕಾದೈತೋ, ಮೀಟರ್ ಸುಳ್ಳ ಹೇಳಾಕತ್ತೈತೋ?”

ಮುಧೋಳ ಈ ವಿಚಾರಕ್ಕೆ ತಕ್ಕ ಕ್ಷೇತ್ರ. ಬೇಸಿಗೆಯ ಬಿಸಿಲು 40 ಡಿಗ್ರಿ ದಾಟುತ್ತದೆ. ಲೋಕಾಪುರದ ಕಡೆ ಸುಣ್ಣಕಲ್ಲಿನ ನೆಲ. ಬೋರಿನ ಗಡಸು ನೀರನ್ನೇ ರೇಡಿಯೇಟರಿಗೆ ಸುರಿದರೆ ಕೊಳವೆಯೊಳಗೆ ಬಿಳಿ ಪದರು ಕಟ್ಟುತ್ತದೆ. ಕಬ್ಬಿನ ಹಂಗಾಮಿನಲ್ಲಿ ಜೋಡಿ ಟ್ರೇಲರಿನ ಟ್ರ್ಯಾಕ್ಟರ್ ಹಿಂದೆ ಸಿಕ್ಕಿಬಿದ್ದ ಕಾರು ಮೊದಲ ಗೇರಿನಲ್ಲೇ ತೆವಳುತ್ತದೆ, ರೇಡಿಯೇಟರಿಗೆ ಗಾಳಿ ತಾಗುವುದಿಲ್ಲ. ತಾಗುವುದು ಟ್ರ್ಯಾಕ್ಟರಿನ ಹಾಡು ಮಾತ್ರ. ಊರಿನ ಅಧಿಕಾರ ಇಷ್ಟಕ್ಕೇ ನಿಲ್ಲುವುದಿಲ್ಲ. ಮುಧೋಳದವನೇ ಆದ ರನ್ನ ಹತ್ತನೆಯ ಶತಮಾನದಲ್ಲೇ, ಸರೋವರದಲ್ಲಿ ಮುಳುಗಿ ಕೂತ ದುರ್ಯೋಧನ ನೀರಿನೊಳಗೂ ಬೆವರಿದ್ದನ್ನು ‘ಗದಾಯುದ್ಧ’ದಲ್ಲಿ ದಾಖಲಿಸಿದ್ದಾನೆ. ಸುತ್ತ ನೀರು ತುಂಬಿದ್ದರೂ ಒಳಗೆ ಕಾಯುವ ಈ ಸ್ಥಿತಿಗೆ ಅಲ್ಲಿ ಭೀಮನ ಗರ್ಜನೆ ಕಾರಣ. ಕಾರಿನಲ್ಲಾದರೆ ತೆರೆಯದ ಥರ್ಮೋಸ್ಟಾಟ್, ಸೋತ ವಾಟರ್ ಪಂಪ್ ಇಲ್ಲವೇ ತಿರುಗದ ಫ್ಯಾನ್. ಇಂಥ ಪ್ರಸಂಗಗಳಲ್ಲಿ ಮುಳ್ಳು ಆಪ್ತವೇ; ಅದನ್ನು ಬೈಯುವುದು ಸಂಜಯನನ್ನು ಬೈದ ಹಾಗೆ.

ಅನುಮಾನಕ್ಕೆ ತಾರ್ಕಿಕರು ಕೊಡುವ ಹಳೆಯ ದೃಷ್ಟಾಂತ ಬೆಟ್ಟದ ಮೇಲಿನ ಹೊಗೆ: ಹೊಗೆ ಕಂಡರೆ ಬೆಂಕಿ ಇದೆ. ಮಂಜನ್ನೇ ಹೊಗೆಯೆಂದು ತಿಳಿದವನ ಅನುಮಾನ ಕೆಡುತ್ತದೆಂಬ ಎಚ್ಚರಿಕೆಯನ್ನೂ ಅವರೇ ಕೊಟ್ಟಿದ್ದಾರೆ. ಬಾನೆಟ್ಟಿನಿಂದ ಏಳುವುದು ಸಾಧಾರಣವಾಗಿ ಹೊಗೆಯಲ್ಲ, ಆವಿ. ಆದರೂ ಆಗ ರೇಡಿಯೇಟರಿನ ಮುಚ್ಚಳ ತೆರೆದು ಪ್ರತ್ಯಕ್ಷಕ್ಕೆ ಹೋಗಬಾರದು. ಒತ್ತಡದಿಂದಾಗಿ ಒಳಗಿನ ದ್ರವ ನೂರು ಡಿಗ್ರಿ ದಾಟಿಯೂ ಕುದಿಯದೆ ಕಾದಿರುತ್ತದೆ. ಮುಚ್ಚಳ ಸಡಿಲಿದ ಕ್ಷಣ ಮುಖಕ್ಕೆ ಹಾರುತ್ತದೆ.

ಪರೀಕ್ಷೆಯನ್ನು ಬೆಳಗಿನ ತಣ್ಣನೆಯ ಗಾಡಿಯಿಂದ ಆರಂಭಿಸಬೇಕು. ಕೀಲಿ ತಿರುಗಿಸಿದೊಡನೆ ಮುಳ್ಳು ‘ಎಚ್’ಗೆ ಜಿಗಿದರೆ ಅದು ಸುಳ್ಳು, ಅಷ್ಟು ಬೇಗ ಕಾಯುವ ಕಬ್ಬಿಣವಿಲ್ಲ. ಹಳೆಯ ಕಾರುಗಳಲ್ಲಿ ಪೆಟ್ರೋಲ್ ಮುಳ್ಳೂ ಜೊತೆಯಲ್ಲೇ ಏರಿದರೆ ಎರಡಕ್ಕೂ ಕರೆಂಟು ಹಂಚುವ ಸ್ಟೆಬಿಲೈಸರ್ ಕೆಟ್ಟಿದೆ. ಓಡುವ ಗಾಡಿಯ ಟ್ಯಾಂಕು ತಾನಾಗಿ ತುಂಬಿದ ಉದಾಹರಣೆ ಶಾಸ್ತ್ರದಲ್ಲಿಲ್ಲ.

ಇನ್ನು ತಂತಿಪ್ರಕರಣ. ಒಂಟಿ ತಂತಿಯ ಸೆನ್ಸರಿದ್ದರೆ ಕೀಲಿ ಆನ್ ಇಟ್ಟು ತಂತಿ ಕಳಚಬೇಕು. ಮುಳ್ಳು ‘ಸಿ’ಗೆ ಇಳಿಯಬೇಕು. ಅದೇ ತಂತಿಯನ್ನು ಎಂಜಿನ್ನಿನ ಮೈಗೆ ಕ್ಷಣಮಾತ್ರ ತಾಗಿಸಿದರೆ ‘ಎಚ್’ಗೆ ಏರಬೇಕು. ಎರಡಕ್ಕೂ ಮಣಿದರೆ ಮೀಟರೂ ತಂತಿಯೂ ಶುದ್ಧ, ಅಪರಾಧ ಸೆನ್ಸರಿನದು. ಕಳಚಿದರೂ ಇಳಿಯದಿದ್ದರೆ ತಂತಿ ಎಲ್ಲೋ ಸವೆದು ಬಾಡಿಗೆ ತಾಗಿದೆ, ಇಲ್ಲವೇ ಮೀಟರೇ ಕೆಟ್ಟಿದೆ. ತಾಗಿಸಿದರೂ ಏರದಿದ್ದರೆ ತಂತಿ ತುಂಡಾಗಿದೆ ಅಥವಾ ಮೀಟರು ಸತ್ತಿದೆ. ಸೆನ್ಸರಿನ ತಿರುಪಿಗೆ ಸೋರಬಾರದೆಂದು ಟೆಫ್ಲಾನ್ ಟೇಪು ದಪ್ಪಗೆ ಸುತ್ತಿ ಅರ್ಥ್ ಕಳೆದುಕೊಳ್ಳುವವರೂ ಇದ್ದಾರೆ. ಅರ್ಥ್ ಇಲ್ಲದ ಕಡೆ ಅನರ್ಥ ಎಂಬುದನ್ನು ವೈಯಾಕರಣರು ಒಪ್ಪದಿದ್ದರೂ ಎಲೆಕ್ಟ್ರಿಷಿಯನ್ನರು ಒಪ್ಪುತ್ತಾರೆ.

ಸಂಶಯ ಉಳಿದರೆ ಸೆನ್ಸರ್ ಬಿಚ್ಚಿ ನೀರಿನಲ್ಲಿ ಕುದಿಸುತ್ತ ಮಲ್ಟಿಮೀಟರ್ ಹಿಡಿಯಬೇಕು. ಕಾವು ಏರಿದಂತೆ ಓಮ್ ಸತತವಾಗಿ ಇಳಿಯಬೇಕು. ನಡುವೆ ಎಗರಿದರೆ ಸೆನ್ಸರ್ ಬಿಸಾಡಬೇಕು. ಮುಧೋಳ ಸಮುದ್ರಮಟ್ಟದಿಂದ ಸುಮಾರು 550 ಮೀಟರ್ ಎತ್ತರದಲ್ಲಿರುವುದರಿಂದ ಅಲ್ಲಿ ನೀರು 98 ಡಿಗ್ರಿಗೇ ಕುದಿಯುತ್ತದೆಂಬುದನ್ನು ಲೆಕ್ಕಕ್ಕೆ ಹಿಡಿಯಬೇಕು. ಇದಕ್ಕೆ ಮನೆಯ ಚಹಾದ ಪಾತ್ರೆ ಬಳಸುವುದು ಶಾಸ್ತ್ರಸಮ್ಮತ, ಗೃಹಸಮ್ಮತವಲ್ಲ.

ಅತಿ ಕಪಟಿ ಮುಳ್ಳು ನಡುವೆ ನಿಂತದ್ದು. ಈಚಿನ ಅನೇಕ ಕಾರುಗಳಲ್ಲಿ ಕಾವು ಹತ್ತಿಪ್ಪತ್ತು ಡಿಗ್ರಿ ಆಚೀಚೆಯಾದರೂ ಮುಳ್ಳು ಕದಲದಂತೆ ಕಂಪ್ಯೂಟರೇ ಹಿಡಿದಿರುತ್ತದೆ, ಮಾಲೀಕ ಗಾಬರಿಯಾಗದಿರಲೆಂದು. ನೀರು ಪೂರ್ತಿ ಸೋರಿಹೋದರಂತೂ ಸೆನ್ಸರಿಗೆ ತಾಗಲು ಬಿಸಿನೀರೇ ಇರುವುದಿಲ್ಲ. ಎಂಜಿನ್ ಉರಿಯುತ್ತಿರುವಾಗ ಮುಳ್ಳು ತಂಪಾಗಿ ಕೆಳಗಿಳಿಯಬಹುದು.

ಉಪಮಾನಕ್ಕೆ ಎರಡು ಸಾಕು. ಮುಧೋಳ ನಾಯಿ ಕಾದಾಗ ನಾಲಗೆ ಹೊರಬರುತ್ತದೆ. ಆ ನಾಲಗೆಯ ಮಾತನ್ನು ಯಾರೂ ಸಂಶಯಿಸಿಲ್ಲ. ಮಹಾಲಿಂಗಪುರದ ಸುತ್ತಿನ ಗಾಣಗಳಲ್ಲಿ ಬೆಲ್ಲದ ಕೊಪ್ಪರಿಗೆ ಸುಮಾರು 118 ಡಿಗ್ರಿ ಮುಟ್ಟಿದಾಗ ಒಲೆಯಿಂದ ಇಳಿಯಬೇಕು. ಹದ ಬಲ್ಲವನು ಒಂದು ತೊಟ್ಟು ಪಾಕವನ್ನು ತಣ್ಣೀರಿಗೆ ಬಿಟ್ಟು, ಬೆರಳಲ್ಲಿ ಹೊರಳಿಸಿ, ಉಂಡೆಗಟ್ಟಿತೆಂದರೆ ಇಳಿಸಲು ಕೂಗುತ್ತಾನೆ. ಕೊಪ್ಪರಿಗೆಗೆ ಮುಳ್ಳಿಲ್ಲ, ಹಾಗಾಗಿ ಕೆಟ್ಟ ಮುಳ್ಳೂ ಇಲ್ಲ.

ಹೊಸ ಸೆನ್ಸರ್ ಕೂರಿಸಿದ ಮೇಲೆ ಕೂಲಂಟ್ ತುಂಬಿ, ಒಳಗಿನ ಗಾಳಿ ತೆಗೆದು, ಫ್ಯಾನ್ ಒಮ್ಮೆ ತಿರುಗಿ ನಿಲ್ಲುವವರೆಗೆ ಎಂಜಿನ್ ಓಡಿಸಬೇಕು. ಅಷ್ಟಾದ ಮೇಲೂ ಮುಳ್ಳು ಕದಲದಿದ್ದರೆ ಗಾಜಿನ ಮೇಲೆ ಉಗುರಿನಿಂದ ಮೂರು ಸಲ ತಟ್ಟುವ ವಿಧಿಯೊಂದು ಪ್ರಚಾರದಲ್ಲಿದೆ. ಅದು ಯಾವ ಪ್ರಮಾಣಕ್ಕೆ ಸೇರುತ್ತದೆಂಬುದನ್ನು ತಾರ್ಕಿಕರು ವಿಚಾರಿಸಿಲ್ಲ; ತಟ್ಟದ ಮಿಸ್ತ್ರಿಯಂತೂ ಇಲ್ಲ.