ಕ್ಯಾಡಿ ಮೀಮಾಂಸೆ: ಹೆಗಲಿನ ಅಸ್ಮಿತೆಯೊಂದಿಗೆ ಬಹುನೆಲೆಯ ಮುಖಾಮುಖಿ

1. ಪ್ರಸ್ತಾವನೆ ಎಂಬ ಪೂರ್ವಪೀಠಿಕೆ

ಮೈಸೂರಿನ ಚಾಮುಂಡಿ ಬೆಟ್ಟದ ತಪ್ಪಲಲ್ಲಿರುವ ಜಯಚಾಮರಾಜ ಒಡೆಯರ್ ಗಾಲ್ಫ್ ಕ್ಲಬ್ಬಿನ ಮೈದಾನದಂಥ ಹಸಿರು ಪರಿಪ್ರೇಕ್ಷ್ಯದಲ್ಲಿ, ವೃತ್ತಿಪರ ಪಂದ್ಯಾವಳಿಯೆಂಬ ಸಂಕಥನದ ಒಡಲೊಳಗೆ, ಬ್ಯಾಗು ಹೊರುವ ಕ್ಯಾಡಿ ಎಂಬ ವ್ಯಕ್ತಿಯ ಅಸ್ಮಿತೆಯು ಸದರಿ ಬ್ಯಾಗಿನೊಂದಿಗೆ ನಡೆಸುವ ಅನುಸಂಧಾನವನ್ನು ಶೋಧಿಸುವ ವಿನಮ್ರ ಪ್ರಯತ್ನವೇ ಪ್ರಸ್ತುತ ಪ್ರಬಂಧ. (ಪುಟಕ್ಕೊಮ್ಮೆ ‘ವಿನಮ್ರ’ ಎನ್ನದಿದ್ದರೆ ವಿಚಾರ ಸಂಕಿರಣದಲ್ಲಿ ಊಟದ ಕೂಪನ್ ಕೊಡುವುದಿಲ್ಲ.)

ಈ ಶೈಲಿಯನ್ನು ನಾನು ಅಂಥದೇ ಒಂದು ಸಂಕಿರಣದಲ್ಲಿ, ಹಸಿದ ಹೊಟ್ಟೆಯಲ್ಲಿ ಕೂತು ಕಲಿತೆ. ವಿಷಯ: ಕ್ರೀಡೆ ಮತ್ತು ಭಾರತೀಯ ಚಿಂತನೆ. ವಿದ್ವಾಂಸರೊಬ್ಬರು ಕ್ಯಾಡಿಯನ್ನು ‘ಆಧುನಿಕ ಪಾರ್ಥಸಾರಥಿ’ ಎಂದರು. ಸಭೆ ಚಪ್ಪಾಳೆ ತಟ್ಟಿತು. ಸಭೆಯಲ್ಲಿ ಕ್ಯಾಡಿಗಳು ಯಾರೂ ಇರಲಿಲ್ಲ. ಅವರಿಗೆ ಕೆಲಸವಿತ್ತು.

2. ಪೂರ್ವಸೂರಿಗಳ ಅವಲೋಕನ

ಸಾರಥಿ ಸಿದ್ಧಾಂತದ ಮೂಲ ಕುರುಕ್ಷೇತ್ರದಲ್ಲಿದ್ದರೂ ಅದರ ಪುನರುತ್ಥಾನವಾದದ್ದು ಅಮೆರಿಕದಲ್ಲಿ. 1995ರಲ್ಲಿ ಸ್ಟೀವನ್ ಪ್ರೆಸ್‌ಫೀಲ್ಡ್ ‘ದ ಲೆಜೆಂಡ್ ಆಫ್ ಬ್ಯಾಗರ್ ವಾನ್ಸ್’ ಎಂಬ ಕಾದಂಬರಿ ಬರೆದರು. ಭಗವದ್ಗೀತೆಯನ್ನು ಗಾಲ್ಫ್ ಮೈದಾನಕ್ಕೆ ಇಳಿಸಿದ ಕಥೆಯಿದು. ಕೈಚೆಲ್ಲಿ ಕೂತ ಆಟಗಾರ ಅರ್ಜುನ, ಬ್ಯಾಗು ಹೊತ್ತ ಕ್ಯಾಡಿ ಭಗವಂತ. 2000ದಲ್ಲಿ ರಾಬರ್ಟ್ ರೆಡ್‌ಫರ್ಡ್ ಇದನ್ನು ಸಿನಿಮಾ ಮಾಡಿದರು. ಅಂದಿನಿಂದ ಬಹುಮಾನ ವಿತರಣೆಯ ಮೈಕು ಹಿಡಿದವರಿಗೆಲ್ಲ ಗೀತೆ ಬಾಯಿಗೆ ಬರುತ್ತದೆ.

ಆಕ್ಷೇಪ ಇಷ್ಟೇ. ಕೃಷ್ಣ ತೇರು ಹೊಡೆದದ್ದು ನಿಜ, ಆದರೆ ಪಾಂಡವರ ಪಾಳೆಯದಲ್ಲಿ ಆತ ನಂಟ, ಮೇಲಾಗಿ ದ್ವಾರಕೆಯ ದೊರೆ. ನಸುಕಿನಲ್ಲಿ ಗೇಟಿನ ಹೊರಗೆ ನಿಂತು, ಕ್ಯಾಡಿ ಮಾಸ್ಟರ್ ಇವತ್ತಾದರೂ ನನ್ನ ಹೆಸರು ಕೂಗುತ್ತಾರೋ ಇಲ್ಲವೋ ಎಂದು ಆತ ಕಾಯಲಿಲ್ಲ. ಗುರಿ ತಪ್ಪಿದ ಬಾಣ ಲಂಟಾನ ಪೊದೆಗೆ ಬಿದ್ದಾಗ ‘ಹೋಗಿ ಹುಡುಕು, ಮೂರು ನಿಮಿಷದೊಳಗೆ ಸಿಗಬೇಕು’ ಎಂದು ಅರ್ಜುನ ಗದರಲಿಲ್ಲ. (ಮೂರು ನಿಮಿಷದ ಗಡುವು ಗಾಲ್ಫ್ ನಿಯಮದ್ದು. 2019ಕ್ಕೆ ಮುಂಚೆ ಐದಿತ್ತು. ಪೊದೆಯ ಮುಳ್ಳಿಗೆ ಮಾತ್ರ ತಿದ್ದುಪಡಿ ಆಗಿಲ್ಲ.)

3. ಕ್ಯಾಡಿಗಳ ಷೋಡಶವಿಧ ವರ್ಗೀಕರಣ

ಕ್ಯಾಡಿಗಳನ್ನು ಹದಿನಾರು ಪ್ರಭೇದಗಳಾಗಿ ವಿಂಗಡಿಸಬಹುದಾಗಿದೆ.

ಅ) ಶುದ್ಧ ಭಾರವಾಹಕ: 15ರಿಂದ 20 ಕಿಲೋ ತೂಗುವ ಬ್ಯಾಗನ್ನು ಹೆಗಲಿಗೇರಿಸಿ, ಸುತ್ತಿಗೆ 18 ಹೋಲ್‌ನಂತೆ ನಾಲ್ಕು ದಿನ 72 ಹೋಲ್ ನಡೆಯುವವನು. ಎರಡನೇ ದಿನದ ಕಟ್‌ನಲ್ಲಿ ಆಟಗಾರ ಹೊರಬಿದ್ದರೆ ಇವನ ಪಂದ್ಯವೂ ಅಲ್ಲಿಗೇ ಮುಗಿಯಿತು.

ಆ) ಅನಿಲಜ್ಞ: ಚಿಟಿಕೆ ಹುಲ್ಲು ಕಿತ್ತು ಗಾಳಿಗೆ ತೂರಿ, ಅದು ಬಿದ್ದ ಕಡೆ ನೋಡಿ, ಏಳರ ಬದಲು ಆರನೇ ಐರನ್ ಕೋಲನ್ನು ಕೈಗಿಡುವವನು.

ಇ) ಭೂಭಂಗಿವಿಶಾರದ: ಕುಳಿಯ ಸುತ್ತಲಿನ ನುಣುಪು ಹುಲ್ಲುಹಾಸಾದ ಗ್ರೀನಿನ ಇಳಿಜಾರನ್ನು ಓದುವವನು. ಇದನ್ನು ಸಂಕಿರಣದ ವಿದ್ವಾಂಸರು ‘ಪರ್ವತಸಾನ್ನಿಧ್ಯಪ್ರೇರಿತ ಕಂದುಕಚಲನಾಭಿಮುಖತೆಯ ದೇಶೀ ಅರಿವಿನ ನೆಲೆ’ ಎಂದು ಕರೆದರು. ಕ್ಯಾಡಿ ಮಂಡಿಯೂರಿ ಕೂತು, ಒಂದು ಕಣ್ಣು ಮುಚ್ಚಿ, ‘ಬೆಟ್ಟ ನಮ್ ಎಡಕ್ಕಿದೆ ಸಾರ್, ಎಡಕ್ಕೆ ಎರಡು ಬೆರಳು ಬಿಟ್ಟು ಹೊಡೀರಿ, ತಾನೇ ತಿರುಗುತ್ತೆ’ ಎನ್ನುತ್ತಾನೆ. ಚೆಂಡು ತಿರುಗುತ್ತದೆ. ನಾಲ್ಕೂಕಾಲು ಇಂಚಿನ ಕುಳಿಯೊಳಗೆ ಟಣ್ ಎಂದು ಬೀಳುತ್ತದೆ. ಆಟಗಾರ ಟೋಪಿ ಎತ್ತಿ ಜನರತ್ತ ಕೈಬೀಸುತ್ತಾನೆ. ಇವನು ಬಾವುಟದ ಕೋಲನ್ನು ಕುಳಿಗೆ ಸಿಕ್ಕಿಸಿ, ಒದ್ದೆ ಟವೆಲಿನಲ್ಲಿ ಪಟರ್ ಒರೆಸಿ, ಮುಂದಿನ ಹೋಲ್‌ನ ಟೀ ಕಡೆಗೆ ದಾಪುಗಾಲು ಹಾಕುತ್ತಾನೆ.

ಈ) ಮೌನಿ: ಚೆಂಡು ತಿರುಗದೇ ಹೋದಾಗ ಬೈಸಿಕೊಳ್ಳುವವನು.

ಉಳಿದ ಹನ್ನೆರಡನ್ನು ಕೈಬಿಡುತ್ತೇನೆ. ಮೇಲಿನ ನಾಲ್ಕೂ ಪ್ರಭೇದಗಳು ಒಬ್ಬನೇ ಹುಡುಗ, ಒಂದೇ ಹೋಲ್‌ನಲ್ಲಿ, ಹತ್ತು ಹದಿನೈದು ನಿಮಿಷದೊಳಗೆ.

4. ನಿಯಮಗಳ ತಾತ್ವಿಕತೆ

ಗಾಲ್ಫಿನ ನಿಯಮಪುಸ್ತಕ ಅಳತೆಯ ವಿಷಯದಲ್ಲಿ ಮಹಾ ಮಡಿವಂತ. ಬ್ಯಾಗಿನಲ್ಲಿ 14ಕ್ಕಿಂತ ಹೆಚ್ಚು ಕೋಲಿರಬಾರದು. ಚೆಂಡು 45.93 ಗ್ರಾಂ ಮೀರಬಾರದು. ಆಟಗಾರ ಹೊಡೆತಕ್ಕೆ ಕಾಲೂರುವಾಗ ಕ್ಯಾಡಿ ಬೇಕೆಂದೇ ಚೆಂಡಿನ ಹಿಂದೆ, ಹೊಡೆತದ ನೇರಕ್ಕೆ ನಿಲ್ಲಬಾರದು. 2019ರ ಜನವರಿಯಲ್ಲಿ ದುಬೈ ಪಂದ್ಯದ ಕೊನೆಯ ಹೋಲ್‌ನಲ್ಲಿ ಕ್ಯಾಡಿ ಹಾಗೆ ನಿಂತಿದ್ದನೆಂದು ಚೀನಾದ ಆಟಗಾರ ಲೀ ಹಾವ್‌ಟಾಂಗ್‌ಗೆ ಎರಡು ಹೊಡೆತದ ದಂಡ ಬಿತ್ತು. ಕ್ಯಾಡಿಯ ತಪ್ಪು ಆಟಗಾರನ ತಪ್ಪೇ ಎನ್ನುತ್ತದೆ ನಿಯಮ. ಎಂಥ ಅದ್ವೈತ! ದಂಡದಲ್ಲಿ ಇಬ್ಬರೂ ಒಂದೇ ಜೀವ, ಚೆಕ್ಕಿನಲ್ಲಿ ಮಾತ್ರ ದ್ವೈತ.

ಇಷ್ಟೆಲ್ಲ ತೂಗಿ ಅಳೆದ ಪುಸ್ತಕದಲ್ಲಿ ಬ್ಯಾಗಿನ ತೂಕಕ್ಕೆ ಮಿತಿ ಹೇಳಿಲ್ಲ. ಕೋಲು ಎಣಿಸಿದರು, ಚೆಂಡು ತೂಗಿದರು, ಹೆಗಲು ಯಾರಿಗೂ ನೆನಪಾಗಲಿಲ್ಲ.

ಮೈಸೂರಿನಲ್ಲಿ ಗಾಲ್ಫ್ ಮೈದಾನ, ರೇಸ್ ಕೋರ್ಸ್ ಎರಡೂ ಒಂದಕ್ಕೊಂದು ಹೊಂದಿಕೊಂಡೇ ಇವೆ. ಆಚೆ ಓಡುವ ಕುದುರೆ ಎಷ್ಟು ಭಾರ ಹೊರಬೇಕೆಂದು ಹ್ಯಾಂಡಿಕ್ಯಾಪರ್ ಮೊದಲೇ ಅರ್ಧ ಕಿಲೋ ಲೆಕ್ಕದಲ್ಲಿ ಬರೆದಿಡುತ್ತಾನೆ. ಜಾಕಿಯನ್ನು ಓಟಕ್ಕೆ ಮುಂಚೆ ತಕ್ಕಡಿಗೇರಿಸುತ್ತಾರೆ, ಗೆದ್ದು ಬಂದ ಮೇಲೆ ಮತ್ತೆ ಏರಿಸುತ್ತಾರೆ. ಕುದುರೆ ಕುಂಟಿದರೆ ವೈದ್ಯ ಓಡಿ ಬರುತ್ತಾನೆ. ಈಚೆ ನಡೆಯುವ ಮನುಷ್ಯ ಎಷ್ಟು ಹೊರಬೇಕೆಂದು ಕೇಳುವವರಿಲ್ಲ. ಕಾಲು ಉಳುಕಿದರೆ ಅವನ ಬ್ಯಾಗು ಇನ್ನೊಬ್ಬನ ಹೆಗಲಿಗೆ ಹೋಗುತ್ತದೆ, ಆ ದಿನದ ದುಡ್ಡೂ ಅದರ ಹಿಂದೆಯೇ ಹೋಗುತ್ತದೆ.

ಮೇಲಿನ ಪ್ಯಾರಾದಲ್ಲಿ ಪಾಂಡಿತ್ಯದ ಧಾಟಿ ತಪ್ಪಿತು. ಮತ್ತೆ ಹಿಡಿಯುತ್ತೇನೆ.

5. ಅರ್ಥಮೀಮಾಂಸೆ

ಅಮೆರಿಕದ ಟೂರಿನಲ್ಲೊಂದು ರೂಢಿಯಿದೆ: ಕಟ್ ದಾಟಿದರೆ ಕ್ಯಾಡಿಗೆ ಬಹುಮಾನದ ಶೇ. 5, ಮೊದಲ ಹತ್ತರೊಳಗೆ ಬಂದರೆ ಶೇ. 7, ಗೆದ್ದರೆ ಶೇ. 10. ಬರಹದಲ್ಲಿಲ್ಲ, ಬಾಯಿಮಾತಿನ ಧರ್ಮ. 2018ರ ನವೆಂಬರಿನಲ್ಲಿ ಮೆಕ್ಸಿಕೋ ಪಂದ್ಯದಲ್ಲಿ ಆಟಗಾರ ಮ್ಯಾಟ್ ಕೂಚರ್ ಗೆದ್ದದ್ದು 12.96 ಲಕ್ಷ ಡಾಲರ್. ಆ ವಾರ ಬ್ಯಾಗು ಹೊತ್ತ ಊರಿನ ಕ್ಯಾಡಿಗೆ ಕೊಟ್ಟದ್ದು 5 ಸಾವಿರ. ಶೇಕಡಾ ಅರ್ಧವೂ ಆಗಲಿಲ್ಲ. ಜಗತ್ತೆಲ್ಲ ಉಗಿದ ಮೇಲೆ ಅದು 50 ಸಾವಿರವಾಯಿತು. ಕ್ಯಾಡಿ ನಮ್ಮ ಮನೆಯವನಿದ್ದಂತೆ ಎಂಬ ಭಾಷಣದ ನಿಜವಾದ ಬೆಲೆ ತಿಳಿಯಲು ಇದಕ್ಕಿಂತ ಶುದ್ಧ ಪ್ರಯೋಗ ಬೇಡ.

ಇಲ್ಲಿ ನಮ್ಮ ಸಿದ್ಧಾಂತದ ತಿರುಳು ಸಿಗುತ್ತದೆ. ಒಬ್ಬನನ್ನು ಕೆಲಸಗಾರ ಎಂದರೆ ಕೂಲಿ ಗೊತ್ತುಮಾಡಬೇಕು, ಪಿಎಫ್ ಕಟ್ಟಬೇಕು, ಇಎಸ್‌ಐ ಕಾರ್ಡು ಕೊಡಬೇಕು. ಮನೆಯವನು ಎಂದರೆ ಹಬ್ಬಕ್ಕೊಂದು ಅಂಗಿ ಕೊಟ್ಟರೂ ನಡೆಯುತ್ತದೆ. ದೇವರು ಎಂದುಬಿಟ್ಟರೆ ಅದೂ ಬೇಡ, ಒಂದು ನಮಸ್ಕಾರ ಸಾಕು. ಪಾರ್ಥಸಾರಥಿಗೆ ಪಿಎಫ್ ಉಂಟೆ?

ಆ್ಯಪ್ ಮೂಲಕ ಕರೆದರೆ ಬರುವ ಡೆಲಿವರಿ ಹುಡುಗರಿಗೆಂದು ಕರ್ನಾಟಕ 2025ರಲ್ಲಿ ಕಾನೂನು ಮಾಡಿತು. ಒಳ್ಳೆಯದೇ ಆಯಿತು. ಆದರೆ ಅದರೊಳಗೆ ಬರಬೇಕಾದರೆ ಮಾಲೀಕನಿಗೂ ಕೆಲಸಗಾರನಿಗೂ ನಡುವೆ ಒಂದು ಮೊಬೈಲ್ ಇರಬೇಕು. ಗೇಟಿನಲ್ಲಿ ಹೆಸರು ಕೂಗಿಸಿಕೊಂಡು ಒಳಗೆ ಬರುವವನಿಗೆ ಆ ಭಾಗ್ಯವೂ ಇಲ್ಲ.

6. ಅಪವಾದ ಪ್ರಕರಣ

‘ಚಿಕ್ಕರಂಗಪ್ಪ ಮೇಲೆ ಬರಲಿಲ್ಲವೇ?’ ಎಂದು ಸಂಕಿರಣದಲ್ಲಿ ಒಬ್ಬರು ಕೇಳಿದರು. ಬಂದರು. ಬಿಡದಿಯ ಈಗಲ್‌ಟನ್ ಮೈದಾನದಲ್ಲಿ ಚೆಂಡು ಹೆಕ್ಕುತ್ತಿದ್ದ ಹುಡುಗ ದೇಶದ ಮುಂಚೂಣಿಯ ವೃತ್ತಿಪರ ಆಟಗಾರನಾದದ್ದು ದೊಡ್ಡ ಮಾತು. ಅವರಿಗೂ ಮುಂಚೆ, ದೆಹಲಿಯಲ್ಲಿ ಕ್ಯಾಡಿಯಾಗಿದ್ದ ಅಲಿ ಶೇರ್ 1991ರಲ್ಲಿ ಇಂಡಿಯನ್ ಓಪನ್ ಗೆದ್ದರು. ಭಾರತದ ವೃತ್ತಿಪರರಲ್ಲಿ ಆ ಪಂದ್ಯ ಗೆದ್ದ ಮೊದಲಿಗ ಅವರೇ. ಇಬ್ಬರಿಗೂ ಕೈಮುಗಿಯುತ್ತೇನೆ. ಆದರೆ ಒಬ್ಬನ ಗೆಲುವನ್ನು ತೋರಿಸಿ ಉಳಿದವರ ಬಾಯಿ ಮುಚ್ಚಿಸುವ ಕಲೆ ಇದೆಯಲ್ಲ, ಅದಕ್ಕೆ ನನ್ನಲ್ಲಿ ಮರ್ಯಾದೆಯ ಪರಿಭಾಷೆ ಇಲ್ಲ. ಎಲ್ಲ ಕ್ಯಾಡಿಯೂ ಚಾಂಪಿಯನ್ ಆಗಬೇಕಿಲ್ಲ. ಒಳ್ಳೆಯ ಕ್ಯಾಡಿಯಾಗಿಯೇ ಇದ್ದು, ಮಕ್ಕಳನ್ನು ಓದಿಸಿ, ಮೊಣಕಾಲು ಸೋತಾಗ ನಾಲ್ಕು ಕಾಸು ಕೈಯಲ್ಲಿರುವಂತೆ ನಿವೃತ್ತನಾಗುವುದಕ್ಕೆ ಈ ಆಟದಲ್ಲಿ ಜಾಗ ಇರಬೇಕು.

7. ಮುಂದಿನ ಅಧ್ಯಯನಕ್ಕೆ ಅವಕಾಶಗಳು

ಪಂದ್ಯದ ವಾರದ ದರವನ್ನು ಮೊದಲೇ ಬರೆದು ಗೋಡೆಗೆ ಹಚ್ಚುವುದು. ಕಾಯುವವರಿಗೆ ನೆರಳು, ಕುಡಿಯುವ ನೀರು, ಶೌಚಾಲಯ. ಬಿದ್ದರೆ ವಿಮೆ. ಬಹುಮಾನದಲ್ಲಿ ಪಾಲು, ಬಾಯಿಮಾತಿನಲ್ಲಲ್ಲ, ಕಾಗದದಲ್ಲಿ. ಇವುಗಳಲ್ಲಿ ಬಹುನೆಲೆಯದ್ದೇನೂ ಇಲ್ಲ, ಇರುವುದು ಒಂದೇ ನೆಲೆ.

ಅನುಸಂಧಾನವನ್ನು ಮುಂದುವರಿಸಬಯಸುವ ವಿದ್ವಾಂಸರಿಗೆ ಸ್ವಾಗತ. ಕ್ಷೇತ್ರಕಾರ್ಯ ಮಾತ್ರ ಕಡ್ಡಾಯ: ಏಪ್ರಿಲ್ ಬಿಸಿಲಲ್ಲಿ 18 ಹೋಲ್, ಬ್ಯಾಗು ಹೆಗಲ ಮೇಲೆ. ಗೀತೆಯ ಮಾತು ಅದಾದ ಮೇಲೆ.